ಶಬ್ದವಿಲ್ಲದ ಲ್ಯಾಪ್‌ಟಾಪ್

ಲ್ಯಾಪ್‌ಟಾಪ್ ಟಕ್ ಎಂದು ಮತ್ತೆ ಆರಿಹೋಯಿತು. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಕಾಯಿ ತುರಿಯುವ ಸದ್ದೂ ನಿಂತಿತು. ತಾಯಿ ಕಿವಿಗೊಟ್ಟಿದ್ದಾಳೆ ಎಂದು ಪೀಟರನಿಗೆ ಗೊತ್ತಾಯಿತು. ಎಪ್ಪತ್ತು ದಾಟಿದ ಕಾನ್ಸೆಪ್ಟಾ ಬಾಯಿಯ ಕಣ್ಣು ಮಂಜಾಗಿದ್ದರೂ ಕಿವಿ ಮಾತ್ರ ಹರೆಯದ್ದು. ಗೇಟಿನ ಹೊರಗೆ ನಿಂತವರ ಕೆಮ್ಮು, ಹಿತ್ತಿಲಲ್ಲಿ ಬಿದ್ದ ತೆಂಗಿನಕಾಯಿ, ಕಿರಿಯ ಮಗನ ಸೋಲು, ಯಾವುದೂ ಅದನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ.

"ಎಂತ ಪುತಾ, ಪುನಃ ಹೋಯಿತಾ?"

"ಇಲ್ಲ ಮಾಂಯ್, ನಾನೇ ಆಫ್ ಮಾಡಿದ್ದು."

ತುರಿಯುವ ಸದ್ದು ಮತ್ತೆ ಶುರುವಾಯಿತು, ಸ್ವಲ್ಪ ನಿಧಾನವಾಗಿ, ಹೇಳಿದ್ದನ್ನು ನಂಬದವರು ಕೆಲಸ ಮಾಡುವ ಹಾಗೆ. ನಲವತ್ತು ವರ್ಷದ ಗಂಡಸು ಒಂದು ಯಂತ್ರಕ್ಕಾಗಿ ತಾಯಿಯ ಹತ್ತಿರ ಸುಳ್ಳು ಹೇಳಬೇಕಾಯಿತಲ್ಲ ಎಂದು ಪೀಟರನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೆ ಇವತ್ತು ನಿಜ ಹೇಳುವ ದಿನವಾಗಿರಲಿಲ್ಲ. ಇವತ್ತು ತೆನೆ ಹಬ್ಬ. ಬೆಳಿಗ್ಗೆ ಶಿರ್ವದ ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿ ಕೊಟ್ಟ ಭತ್ತದ ತೆನೆ ಈಗ ಹಜಾರದ ದೇವರ ಪೀಠದಲ್ಲಿ ಮೇರಿಯಮ್ಮನ ಪಾದದ ಬಳಿ ಮಲಗಿದೆ. ಮಧ್ಯಾಹ್ನ ಅದರಿಂದ ಮನೆಯ ತಲೆಗೊಂದರಂತೆ ಕಾಳು ಸುಲಿದು, ಪುಡಿಮಾಡಿ, ಹಾಲಿಗೆ ಬೆರೆಸಿ ಕುಡಿದ ಮೇಲೆಯೇ ಊಟ. ಮನೆಯಲ್ಲಿ ಇಲ್ಲದವರ ಪಾಲನ್ನು ಕವರಿನಲ್ಲಿ ಹಾಕಿ ಅಂಚೆಗೆ ಕೊಡುವುದು. ಊಟದ ಹೊತ್ತಿಗೆ ಕುವೈತಿನಿಂದ ಅಣ್ಣ ಜಾರ್ಜನ ಫೋನು ಬರುತ್ತದೆ. ಮಾಂಯ್ ಮೊದಲು ಅಲ್ಲಿಯ ಸೆಕೆ ವಿಚಾರಿಸಿ, ಆಮೇಲೆ ಸೊಸೆ ಆಂಜೆಲಾಳ ಬೆನ್ನುನೋವು, ಮಕ್ಕಳ ಶಾಲೆ ಎಲ್ಲ ಮುಗಿಸಿ, ಕೊನೆಗೆ ಲ್ಯಾಪ್‌ಟಾಪಿಗೆ ಬರುತ್ತಾಳೆ. ಹೋದ ತಿಂಗಳೂ ಹಾಗೆಯೇ ಬಂದಿದ್ದಳು. ಆಗ ಜಾರ್ಜ್ ಅಲ್ಲಿಂದ ಏನೆಂದನೆಂಬುದು ಪೀಟರನಿಗೆ ಸಿಕ್ಕಿದ್ದು ನೇರವಾಗಿ ಅಲ್ಲ, ಕಂಪೌಂಡಿನ ಆಚೆಯ ಬರ್ತಾ ಬಾಯಿಯ ಜೊತೆ ಮಾಂಯ್ ಆಡಿದ ಮಾತಿನಿಂದ. ಬಟ್ಟೆ ಒಣಹಾಕುತ್ತ ಮಾಂಯ್ ಆಕೆಗೆ ಹೇಳುತ್ತಿದ್ದಳು: "ಪೀಟರನ ಕೈಗೆ ಹೋದದ್ದು ಯಾವುದೂ ಬಾಳುವುದಿಲ್ಲ ಅಂತ ಜಾರ್ಜ್ ಹೇಳುವುದು ಸುಳ್ಳಲ್ಲ ಬರ್ತಾ. ಅವನ ಹತ್ತಿರ ಇರುವಾಗ ಗಡಿಯಾರದ ಹಾಗೆ ನಡೆಯುತ್ತಿತ್ತಂತೆ." ಸ್ನಾನದ ಮನೆಯಲ್ಲಿ ಮೈಗೆಲ್ಲ ಸಾಬೂನು ಹಚ್ಚಿಕೊಂಡು ನಿಂತಿದ್ದ ಪೀಟರ್ ನೀರು ಹೊಯ್ದುಕೊಳ್ಳುವುದನ್ನು ಮರೆತು ಕೇಳಿದ್ದ. ಆ ಒಂದು ಮಾತನ್ನು ಮಾಂಯ್ ವಾಪಸು ತೆಗೆದುಕೊಳ್ಳಬೇಕು. ಜಾರ್ಜನ ಫೋನು ಬರುವ ಮೊದಲು ಲ್ಯಾಪ್‌ಟಾಪ್ ಸರಿಯಾಗಬೇಕು, ತಪ್ಪು ತನ್ನದಲ್ಲ ಎಂದು ಅವಳ ಬಾಯಲ್ಲೇ ಬರಬೇಕು. ಅವನಿಗೆ ಬೇಕಾದದ್ದು ಅಷ್ಟೇ, ಬೇರೇನೂ ಅಲ್ಲ.

ಅದು ಮೊದಲಿನಿಂದಲೂ ಜಾರ್ಜನ ಲ್ಯಾಪ್‌ಟಾಪ್. ಜಾರ್ಜನ ಅಂಗಿ, ಜಾರ್ಜನ ಬೂಟು, ಜಾರ್ಜನ ವಾಚು, ಜಾರ್ಜ್ ಬಿಟ್ಟ ಮೇಲೆ ಸಿಕ್ಕಿದ ಕಿಟಕಿ ಬದಿಯ ಮಂಚ. ಬೆಳೆದು ದೊಡ್ಡವನಾದರೂ ಪೀಟರನ ಮೈಮೇಲೆ ಅಣ್ಣನ ಅಳತೆಯೇ ಇರುತ್ತಿತ್ತು. ಕಳೆದ ಜನವರಿಯಲ್ಲಿ ರಜೆಯ ಮೇಲೆ ಬಂದ ಜಾರ್ಜ್ ಕಪ್ಪು ಬ್ಯಾಗನ್ನು ಮೇಜಿನ ಮೇಲಿಟ್ಟು, "ಕಂಪೆನಿಯವರು ಹೊಸದು ಕೊಟ್ಟರು ಮಾರಾಯ. ಇದು ನಿನಗಿರಲಿ. ಕಂಪ್ಯೂಟರ್ ಕ್ಲಾಸಿನ ಮೇಷ್ಟ್ರ ಹತ್ತಿರ ಒಂದು ಲ್ಯಾಪ್‌ಟಾಪ್ ಇಲ್ಲದಿದ್ದರೆ ಎಂತ ಚಂದ?" ಎಂದಿದ್ದ. ಇಟ್ಟಿಗೆಯಷ್ಟು ಭಾರದ, ಐದು ವರ್ಷ ಹಳೆಯ ಯಂತ್ರ. ಬೇಡ ಎನ್ನಬೇಕಿತ್ತು. ಹನ್ನೆರಡು ವರ್ಷದವನಿದ್ದಾಗ ಜಾರ್ಜನ ಹಳೆಯ ಬೂಟು ಬೇಡ ಎಂದದ್ದಕ್ಕೆ ಮಾಂಯ್ ಮೂರು ದಿನ ಮಾತು ಬಿಟ್ಟಿದ್ದಳು. ಆ ನೆನಪು ನಾಲಿಗೆಯನ್ನು ಹಿಡಿಯಿತು. ಆದರೆ ಜಾರ್ಜ್ ವಿಮಾನ ಹತ್ತಿದ ವಾರವೇ ಪೀಟರ್ ಒಳಗಿನ ವಿಂಡೋಸನ್ನು ಬುಡಸಹಿತ ಕಿತ್ತು, ಅದರ ಬದಲು ಯಂತ್ರ ನಡೆಸಲು ಲಿನಕ್ಸ್ ಹಾಕಿದ. ಅಳಿಸುವುದಕ್ಕೆ ಮುಂಚೆ ಖಂಡಿತವೇ ಎಂದು ಯಂತ್ರ ಕೇಳುತ್ತದಲ್ಲ, ಆಗ ಖಂಡಿತ ಎಂದು ಒತ್ತುವುದರಲ್ಲಿ ಅವನಿಗೆ ಎಂದೂ ಸಿಗದ ಸುಖ ಸಿಕ್ಕಿತು. ಅಣ್ಣನ ಹೆಸರು ಹೋಗಿ ಪರದೆಯ ಮೂಲೆಯಲ್ಲಿ ತನ್ನ ಹೆಸರು ಬಂದಾಗ, ಯಾರೂ ಇಲ್ಲದ ಕೋಣೆಯಲ್ಲಿ ಅವನು ನಕ್ಕಿದ್ದ. ಲಿನಕ್ಸ್ ಯಾರೂ ತೊಟ್ಟು ಬಿಟ್ಟದ್ದಲ್ಲ, ಯಾರ ದಾನವೂ ಅಲ್ಲ, ಕಲಿತವನದ್ದು ಎಂದು ಕ್ಲಾಸಿನಲ್ಲಿ ಅವನು ಹುಡುಗರಿಗೆ ಹೇಳುತ್ತಿದ್ದದ್ದು ಪಾಠದಲ್ಲಿ ಇದ್ದದ್ದಕ್ಕಲ್ಲ.

ಮತ್ತು ಅದು ಎಷ್ಟು ಮೌನವಾಗಿತ್ತು! ಜಾರ್ಜ್ ಇದನ್ನು ಊಟದ ಮೇಜಿನ ಮೇಲೆ ಬಿಡಿಸಿಕೊಂಡು ಕೂತಿದ್ದ ದಿನಗಳಲ್ಲಿ ಅದರ ಹೊಟ್ಟೆಯಿಂದ ಬರ್ ಎಂಬ ಸದ್ದು ಇಡೀ ಹಜಾರಕ್ಕೆ ಕೇಳುತ್ತಿತ್ತು. ಲಿನಕ್ಸ್ ಹಾಕಿದ ಮೇಲೆ ಉಸಿರೂ ಇಲ್ಲ. ಉಡುಪಿಯ ಬಸ್‌ಸ್ಟ್ಯಾಂಡಿನ ಹಿಂದಿನ ಕಟ್ಟಡದಲ್ಲಿ ಉಮಾನಾಥ ನಡೆಸುವ ಕಂಪ್ಯೂಟರ್ ತರಗತಿಯಲ್ಲಿ ಪೀಟರ್ ಅದನ್ನು ಎತ್ತಿ ತೋರಿಸಿ ಹೇಳುತ್ತಿದ್ದ: "ಕೇಳಿ. ಎಂತದಾದರೂ ಕೇಳುತ್ತದಾ? ವಿಂಡೋಸ್ ಆದರೆ ಇಷ್ಟು ಹೊತ್ತಿಗೆ ಏದುಸಿರು ಬಿಡುತ್ತಿತ್ತು." ಹುಡುಗಿಯರು ತಲೆ ವಾಲಿಸಿ ಕೇಳುತ್ತಿದ್ದರು. ಅಂಥ ಒಂದು ದಿನ, ಉಮಾನಾಥ ಕಾಪುವಿನಿಂದ ಯಾರೋ ಇಬ್ಬರು ಶಾಲೆಯ ಆಡಳಿತದವರನ್ನು ಕರೆದುತಂದಿದ್ದ. ಹಳೆಯ ಕಂಪ್ಯೂಟರುಗಳನ್ನು ಎಸೆಯಬೇಕಾಗಿಲ್ಲ, ಲಿನಕ್ಸ್ ಹಾಕಿದರೆ ಇನ್ನೂ ಹತ್ತು ವರ್ಷ ಓಡುತ್ತವೆ ಎಂದು ಪೀಟರ್ ಅವರಿಗೆ ತೋರಿಸಬೇಕಿತ್ತು. ಗೋಡೆಯ ಮೇಲೆ ಚಿತ್ರ ಬಿತ್ತು, ಅವನು ಕೈ ಎತ್ತಿ "ನೋಡಿ, ಶಬ್ದವೇ ಇಲ್ಲ" ಎಂದ, ಟಕ್ ಎಂದಿತು, ಗೋಡೆ ಬರೇ ಗೋಡೆಯಾಯಿತು. ಬಂದವರಲ್ಲಿ ಒಬ್ಬರು ಮರ್ಯಾದೆಗೆ ಕೆಮ್ಮಿದರು. "ಪೀಟರ್ ಸರ್, ಶಬ್ದ ಇಲ್ಲ ಅಂತ ಹೇಳಿದಿರಿ, ಜೀವವೂ ಇಲ್ಲ ಅಂತ ಹೇಳಲಿಲ್ಲ ನೀವು," ಎಂದ ಉಮಾನಾಥ, ಎಲ್ಲರೂ ನಕ್ಕರು, ಪೀಟರನೂ ನಕ್ಕ. ಆ ನಗುವೇ ಅವನಿಗೆ ಆಮೇಲೆ ಎಷ್ಟೋ ದಿನ ಗಂಟಲಲ್ಲಿ ಮೀನಿನ ಮುಳ್ಳಾಗಿ ಉಳಿಯಿತು. ಸಂಜೆ ಕಟಪಾಡಿಯಲ್ಲಿ ಬಸ್ಸು ಬದಲಿಸುವಾಗ ಬ್ಯಾಗನ್ನು ಸೀಟಿನಲ್ಲಿಯೇ ಬಿಟ್ಟು ಇಳಿದುಬಿಡಲೇ ಎಂದು ಯೋಚಿಸಿದ್ದ. ಕಂಡಕ್ಟರ್ ಕೂಗಿ ಕೊಡುತ್ತಾನೆ, ಅದೂ ನಡೆಯುವುದಿಲ್ಲ.

ಆರುವ ಮೊದಲು ಯಂತ್ರ ಪ್ರತಿಸಲ ಒಂದು ಸಾಲು ಬರೆದಿಡುತ್ತಿತ್ತು: ಶಾಖ ಮಿತಿ ಮೀರಿದೆ, ನಿಲ್ಲಿಸುತ್ತಿದ್ದೇನೆ. ಇದಕ್ಕಿಂತ ಸ್ಪಷ್ಟವಾಗಿ ಯಾವ ಯಂತ್ರವೂ ಮಾತಾಡಲಾರದು. ಆದರೆ ಹಳೆಯ ಲ್ಯಾಪ್‌ಟಾಪುಗಳು ಲಿನಕ್ಸಿಗೆ ಶಾಖದ ಲೆಕ್ಕವನ್ನು ತಪ್ಪಾಗಿ ಒಪ್ಪಿಸುವುದುಂಟು ಎಂದು ಇಂಟರ್‌ನೆಟ್ಟಿನಲ್ಲಿ ಯಾರೋ ಬರೆದದ್ದನ್ನು ಓದಿ ಪೀಟರ್ ಅದನ್ನೇ ಕಚ್ಚಿ ಹಿಡಿದ. ಶುರುವಾಗುವಾಗಿನ ಸೂಚನೆಗಳನ್ನು ಬದಲಿಸಿದ. ಮೆಮೊರಿಯನ್ನು ಗಂಟೆಗಟ್ಟಲೆ ಪರೀಕ್ಷೆಗೆ ಹಚ್ಚಲು ಹೋದರೆ ಪರೀಕ್ಷೆ ಮುಗಿಯುವ ಮೊದಲೇ ಆರುತ್ತಿತ್ತು. ಲಿನಕ್ಸಿನ ತಿರುಳನ್ನೇ, ಕರ್ನೆಲ್ ಅನ್ನೇ, ತರಗತಿಯ ಬೇರೆ ಕಂಪ್ಯೂಟರಿನಲ್ಲಿ ಹೊಸದಾಗಿ ಕಟ್ಟಿ ತಂದು ಹಾಕಿದ. ಇದನ್ನೆಲ್ಲ ಇಂಟರ್‌ನೆಟ್ಟಿನಲ್ಲಿ ಬರೆದು ಸಹಾಯ ಕೇಳಿದಾಗ ಎಲ್ಲೋ ಪೋಲೆಂಡಿನವನೊಬ್ಬ ಒಂದೇ ಸಾಲು ಬರೆದು ಕೇಳಿದ್ದ, ಫ್ಯಾನು ತಿರುಗುತ್ತದೆಯೇ ನೋಡಿದಿರಾ ಎಂದು. ಪೀಟರನಿಗೆ ಸಿಟ್ಟು ಬಂತು. ತೊಂದರೆ ಸಾಫ್ಟ್‌ವೇರಿನದ್ದು, ದಯವಿಟ್ಟು ವಿಷಯವನ್ನು ಪೂರ್ತಿ ಓದಿ ಉತ್ತರಿಸಿ ಎಂದು ಉತ್ತರ ಕೊಟ್ಟ. ಮಣಿಪಾಲದ ಒಂದು ರಿಪೇರಿ ಅಂಗಡಿಗೂ ಹೋದ. ಅಲ್ಲಿಯವನು ಪರದೆ ನೋಡಿ, "ಇದೆಂತ ಸರ್, ವಿಂಡೋಸ್ ಇಲ್ವಾ? ಇದನ್ನೆಲ್ಲ ನಾವು ಮುಟ್ಟುವುದಿಲ್ಲ," ಎಂದು ಯಾವುದೋ ರೋಗದವನನ್ನು ಕಳಿಸುವಂತೆ ಕಳಿಸಿದ. ಸ್ಕ್ರೂ ಬಿಚ್ಚಿ ಒಳಗೆ ನೋಡಬಹುದಿತ್ತು, ಪೀಟರನಿಗೆ ಅದು ಬರುತ್ತಿರಲಿಲ್ಲವೆಂದಲ್ಲ. ತರಗತಿಯ ದೊಡ್ಡ ಪೆಟ್ಟಿಗೆಗಳನ್ನು ದಿನಾ ಬಿಚ್ಚುತ್ತಿದ್ದ. ಇದಕ್ಕೆ ಮಾತ್ರ ಕೈ ಏಳಲಿಲ್ಲ. ಸಾಫ್ಟ್‌ವೇರ್ ಕೆಟ್ಟರೆ ಮತ್ತೆ ಹಾಕಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಸ್ಕ್ರೂ ಬಿಚ್ಚುವಾಗ ಒಂದು ಕೊಕ್ಕೆ ಮುರಿದರೆ, ಜಾರ್ಜನ ಮಾತಿಗೆ ತಾನೇ ಸಹಿ ಹಾಕಿದಂತೆ.

"ಜಾರ್ಜನ ಫೋನ್ ಬರುವಾಗ ಅವನನ್ನೇ ಕೇಳು ಪುತಾ," ಎಂದಳು ಮಾಂಯ್, ಕೆಸುವಿನ ದಂಟು ಹಿಡಿದುಕೊಂಡು ಬಾಗಿಲಲ್ಲಿ ನಿಂತು. "ಅವನು ಅಲ್ಲಿಂದಲೇ ಹೇಳಿಯಾನು. ಗೊತ್ತಿಲ್ಲದ್ದನ್ನು ಕೇಳುವುದರಲ್ಲಿ ನಾಚಿಕೆ ಎಂತ?"

ಹದಿನೈದು ವರ್ಷದಿಂದ ಕಂಪ್ಯೂಟರ್ ಕಲಿಸುತ್ತಿರುವವನಿಗೆ ಹೇಳುವ ಮಾತು. ಜಾರ್ಜ್ ಕುವೈತಿನಲ್ಲಿ ಹವಾನಿಯಂತ್ರಣದ ಪೈಪುಗಳನ್ನು ಮಾರುವವನು. ಪೀಟರ್ ಎದ್ದು, ಹೊಲಿಗೆ ಮಿಷನಿನ ಡ್ರಾಯರಿನಿಂದ ತಾಯಿಯ ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಂಡು ಬಂದು ಕೋಣೆಯ ಬಾಗಿಲು ಹಾಕಿಕೊಂಡ. ಲ್ಯಾಪ್‌ಟಾಪನ್ನು ಮಗುಚಿ ಹಾಕಿದಾಗ ಅದರ ಬೆನ್ನು ಕಾವಲಿಯ ಹಾಗೆ ಬಿಸಿಯಿತ್ತು. ಒಂದೊಂದೇ ಸ್ಕ್ರೂ ಉಪ್ಪಿನಕಾಯಿ ಬಾಟಲಿಯ ಮುಚ್ಚಳದೊಳಗೆ ಬಿತ್ತು. ಕೀಬೋರ್ಡ್ ಮೇಲೆದ್ದಿತು, ಅದರ ಕೆಳಗಿನ ತಗಡು ಎದ್ದಿತು, ಯಾವ ಕೊಕ್ಕೆಯೂ ಮುರಿಯಲಿಲ್ಲ. ಮೂಲೆಯಲ್ಲಿ ರೂಪಾಯಿಗಿಂತ ಸ್ವಲ್ಪ ದೊಡ್ಡ ಫ್ಯಾನು. ಪೀಟರ್ ಅದನ್ನು ಬೆರಳ ತುದಿಯಿಂದ ತಳ್ಳಿದ. ಅದು ತಿರುಗಲಿಲ್ಲ. ಬಗ್ಗಿ ನೋಡಿದ. ಅದರ ರೆಕ್ಕೆಗೂ ಸುತ್ತಿನ ಗೋಡೆಗೂ ನಡುವೆ, ಯಾರೋ ಬೇಕೆಂದೇ ಸಿಕ್ಕಿಸಿದಂತೆ, ಒಂದು ಭತ್ತದ ಕಾಳು.

ಮೊದಲು ಅವನಿಗೆ ಬಂದದ್ದು ನಗು. ಪೋಲೆಂಡಿನವನ ನೆನಪಾಗಿ ಮುಖ ಸುಟ್ಟಂತಾಯಿತು. ಫ್ಯಾನು ನಿಂತದ್ದಕ್ಕೇ ಶಬ್ದವಿಲ್ಲ, ಆ ಶಬ್ದವಿಲ್ಲದ್ದನ್ನು ಲಿನಕ್ಸಿನ ಗುಣವೆಂದು ತಾನು ಊರೆಲ್ಲ ಸಾರಿದ್ದು! ಸೂಜಿಯಿಂದ ಕಾಳನ್ನು ಎಬ್ಬಿಸಿ ಅಂಗೈಗೆ ಹಾಕಿಕೊಂಡ. ಬಣ್ಣ ಮಾಸಿತ್ತು, ಸಿಪ್ಪೆ ಇನ್ನೂ ಗಟ್ಟಿಯಿತ್ತು. ಕುವೈತಿನಲ್ಲಿ ಯಾರು ಭತ್ತ ಬೆಳೆಯುತ್ತಾರೆ? ಆಗ ಪೀಟರನಿಗೆ ಎಲ್ಲವೂ ಒಮ್ಮೆಲೆ ಹೊಳೆಯಿತು. ಮಾಂಯ್ ಪ್ರತಿವರ್ಷ ಕಳಿಸುವ ಕವರು. ಪ್ರತಿವರ್ಷ ಫೋನಿನಲ್ಲಿ ಅವಳ ಪ್ರಶ್ನೆ, ತೆನೆ ಮುಟ್ಟಿತಾ, ತಿಂದಿರಾ? ಪ್ರತಿವರ್ಷ ಜಾರ್ಜನ ಉತ್ತರ, ಎಲ್ಲರೂ ಪ್ರಾರ್ಥನೆ ಮಾಡಿ ಹಾಲಿನಲ್ಲಿ ಹಾಕಿ ಕುಡಿದೆವು ಮಾಂಯ್. ಅದನ್ನು ಅವಳು ಬರ್ತಾಳಿಗೆ, ಪಾದ್ರಿಗಳಿಗೆ, ಮೀನು ತರುವವಳಿಗೂ ಹೇಳುತ್ತಿದ್ದಳು. ಕುಡಿದನಂತೆ! ಕವರನ್ನು ಬಿಚ್ಚದೆ ಲ್ಯಾಪ್‌ಟಾಪಿನ ಬ್ಯಾಗಿಗೆ ತುರುಕಿದ್ದಾನೆ, ಕವರು ಹರಿದಿದೆ, ಕಾಳುಗಳು ಬ್ಯಾಗಿನ ತಳದಲ್ಲಿ ಉರುಳಾಡಿ, ವಿಮಾನದಲ್ಲೋ ಬಸ್ಸಿನಲ್ಲೋ ಕುಲುಕುವಾಗ ಒಂದು ಕಾಳು ಪಕ್ಕದ ಜಾಲರಿಯಿಂದ ಯಂತ್ರದ ಒಳಗೆ ಇಳಿದಿದೆ. ಪೀಟರ್ ಎದ್ದು ಬ್ಯಾಗನ್ನು ಕೊಡವಿದ. ಇನ್ನೊಂದೆರಡು ಕಾಳು, ಹೊಟ್ಟು, ಯಾವುದೋ ಚಾಕಲೇಟಿನ ಕಾಗದ.

ಮಸ್ಕತ್ತಿನಲ್ಲಿ ಅವನು ಒಂದು ತೆನೆ ಹಬ್ಬ ಕಳೆದಿದ್ದ. ನಾಲ್ಕು ವರ್ಷದ ಹಿಂದೆ, ಕಲಿಸುವುದನ್ನು ಬಿಟ್ಟು ಗೋದಾಮಿನ ಕೆಲಸಕ್ಕೆಂದು ಹೋಗಿ, ವರ್ಷ ತುಂಬುವ ಮೊದಲೇ ವಾಪಸು ಬಂದು ಊರವರ ಬಾಯಿಗೆ ಬೀಳುವ ಮೊದಲು. ಕಾರ್ಕಳದವರು, ಕೇರಳದವರು ಸೇರಿ ಒಂದು ಕೋಣೆಯಲ್ಲಿ ಮೇಲೊಂದು ಕೆಳಗೊಂದು ಮಂಚ. ಮಾಂಯ್ ಫೋನಿನಲ್ಲಿ, "ಎರಡು ಕವರು ಯಾಕೆ ಅಂತ ನಿನ್ನ ಪಾಲನ್ನೂ ಜಾರ್ಜನ ಕವರಿನಲ್ಲೇ ಹಾಕಿದ್ದೇನೆ, ಅವನು ಅಲ್ಲಿಂದ ಕಳಿಸುತ್ತಾನೆ," ಎಂದಿದ್ದಳು. ಕುವೈತು ಮಸ್ಕತ್ತು ಎಲ್ಲ ಅವಳಿಗೆ ಶಿರ್ವ ಕಟಪಾಡಿಯಷ್ಟೇ ದೂರ. ಪೀಟರ್ ಕಾದ. ಅಂಚೆ ಹಂಚುವ ಹೊತ್ತಿಗೆ ಕಚೇರಿಯ ಬಾಗಿಲಲ್ಲಿ ಏನಾದರೊಂದು ನೆಪ ಮಾಡಿಕೊಂಡು ನಿಲ್ಲುತ್ತಿದ್ದ. ದೇವರ ಮೇಲೆ ಅವನಿಗೆ ಅಂಥ ಭಕ್ತಿಯೇನೂ ಇರಲಿಲ್ಲ. ಆದರೆ ಆ ಒಂದು ಕಾಳಿಗಾಗಿ ಅವನ ಜೀವ ಎಷ್ಟು ಹಾತೊರೆಯಿತೆಂದರೆ, ಈಗ ನೆನೆದರೂ ನಾಚಿಕೆಯಾಗುತ್ತದೆ. ಅದು ಬರಲೇ ಇಲ್ಲ. ಮಾಂಯ್ ಕೇಳಿದಾಗ "ತಿಂದೆ" ಎಂದ. ಅಣ್ಣನ ಮೇಲೆ ಚಾಡಿ ಹೇಳಿದಂತಾಗುತ್ತದೆ ಎಂದಲ್ಲ. ತನ್ನ ಪಾಲು ತನ್ನವರೆಗೆ ಬರಲಿಲ್ಲ ಎಂದು ಬಾಯಿಬಿಟ್ಟು ಹೇಳುವುದೇ ಅವನಿಂದಾಗಲಿಲ್ಲ. ಈ ಕಾಳು ಆ ವರ್ಷದ್ದೇ ಇರಬಹುದು. ತನ್ನದೇ ಇರಬಹುದು. ಇಲ್ಲ ಎನ್ನುವುದಕ್ಕೆ ಯಾವ ಸಾಕ್ಷಿ ಇದೆ?

ಎಲ್ಲ ಮತ್ತೆ ಜೋಡಿಸಿ ಗುಂಡಿ ಒತ್ತಿದ. ಫ್ಯಾನು ಮೊದಲು ತಡವರಿಸಿ, ಆಮೇಲೆ ಬರ್ ಎಂದು ತಿರುಗಿತು. ಪಕ್ಕದ ಜಾಲರಿಯಿಂದ ಬಿಸಿಗಾಳಿ ಬಂದು ಅಂಗೈಗೆ ತಾಗಿತು. ಬೇಕೆಂದೇ ಭಾರದ ಕೆಲಸಗಳನ್ನು ಹಚ್ಚಿದ, ಒಂದರ ಮೇಲೊಂದು. ಇಷ್ಟರಲ್ಲಿ ಆರಬೇಕಿತ್ತು. ಆರಲಿಲ್ಲ. ಪೀಟರ್ ಕಾಯುತ್ತ ಕೂತ, ಅದು ಆರದೆ ಇರುವುದನ್ನು ನೋಡುತ್ತ. ಗೆದ್ದವನ ಸಂತೋಷ ಮೈಯಲ್ಲಿ ಏರುತ್ತಿದ್ದರೆ ಅದರ ಬೆನ್ನಿಗೇ ಇನ್ನೊಂದು, ಬರೀ ಗೆಲುವಲ್ಲದ, ಕೆಟ್ಟ ಆಸೆ. ಲ್ಯಾಪ್‌ಟಾಪ್ ಸರಿಯಾಯಿತು ಎಂದಷ್ಟೇ ಹೇಳಿದರೆ ಸಾಕಿತ್ತು. ಆದರೆ ಕಾಳು ಮುಷ್ಟಿಯಲ್ಲಿತ್ತು. ಮಾಂಯ್‌ಗೆ ನೋವಾಗುತ್ತದೆ ಎಂದು ಗೊತ್ತಿದ್ದೂ, ಆ ನೋವನ್ನು ನೋಡಬೇಕೆಂದೇ, ಅವನು ಹಜಾರಕ್ಕೆ ಹೋದ.

ಅವಳು ದೇವರ ಪೀಠದ ಮುಂದೆ ಮೊಣಕಾಲೂರಿ ತೆನೆಯಿಂದ ಕಾಳು ಬಿಡಿಸುತ್ತಿದ್ದಳು. "ಇದು ಜಾರ್ಜನದ್ದು, ಇದು ಆಂಜೆಲಾಳದ್ದು," ಎಂದು ತುಟಿ ಅಲುಗುತ್ತಿತ್ತು.

"ಮಾಂಯ್, ಇದು ನೋಡು."

ಅವಳು ಅದನ್ನು ಕಣ್ಣಿನ ಹತ್ತಿರ ಹಿಡಿದಳು, ಉಗುರಿನಿಂದ ಒತ್ತಿದಳು. "ಎಲ್ಲಿತ್ತು?"

"ಲ್ಯಾಪ್‌ಟಾಪಿನ ಒಳಗೆ. ಫ್ಯಾನಿಗೆ ಅಡ್ಡ ಸಿಕ್ಕಿಕೊಂಡಿತ್ತು. ಅದಕ್ಕೇ ಆಫ್ ಆಗುತ್ತಿದ್ದದ್ದು. ನನ್ನ ತಪ್ಪೂ ಅಲ್ಲ, ಲಿನಕ್ಸಿನ ತಪ್ಪೂ ಅಲ್ಲ." ಅವಳಿಗೆ ಇನ್ನೂ ಅರ್ಥವಾಗಲಿಲ್ಲವೆಂದು ಅವನು ಧ್ವನಿ ಏರಿಸಿದ. "ನೀನು ಕಳಿಸಿದ ತೆನೆಯ ಕಾಳು ಇದು. ಜಾರ್ಜ್ ತಿನ್ನಲಿಲ್ಲ ಮಾಂಯ್. ತಿಂದೆ ಅಂತ ಸುಳ್ಳು ಹೇಳಿದ. ಬ್ಯಾಗಿಗೆ ಹಾಕಿ ಮರೆತಿದ್ದಾನೆ."

ಅವಳ ಮುಖ ಕುಗ್ಗುವುದನ್ನು ಪೀಟರ್ ಕಾದ. ಮುಖ ಕುಗ್ಗಲಿಲ್ಲ, ನಿಧಾನವಾಗಿ ಅರಳಿತು. ಅವಳು ಕಾಳನ್ನು ಸೆರಗಿನಿಂದ ಒರೆಸಿ, ತುಟಿಗೆ ಒತ್ತಿ ಮುತ್ತು ಕೊಟ್ಟಳು.

"ಕೆಲಸದ ಮಿಷನಿನ ಒಳಗೇ ಇಟ್ಟುಕೊಂಡಿದ್ದ, ನೋಡು," ಎಂದಳು. "ಒಂದು ಕಾಳು ತಿನ್ನದೆ ಉಳಿಸಿ ಇಟ್ಟುಕೊಂಡಿದ್ದಾನೆ. ಅಷ್ಟು ದೂರ ಇರುವ ಮಕ್ಕಳಿಗೆ ಹಾಗೆ ಅನ್ನಿಸುತ್ತದೆ. ಅದಕ್ಕೇ ಅವನ ಹತ್ತಿರ ಇರುವಾಗ ಅದಕ್ಕೆ ಒಂದು ದಿನವೂ ಏನೂ ಆಗಲಿಲ್ಲ. ನಿನಗೆ ಇದೆಲ್ಲ ಗೊತ್ತಾಗುವುದಿಲ್ಲ ಪುತಾ. ನೀನು ನಿನ್ನ ಪಾಲು ಅಲ್ಲೇ ತಿಂದು ಮುಗಿಸಿದವ." ಅವಳು ಕಾಳನ್ನು ಮೇರಿಯಮ್ಮನ ಪಾದದ ಬಳಿ ಇಟ್ಟು ಶಿಲುಬೆಯ ಗುರುತು ಹಾಕಿಕೊಂಡಳು. "ಇದನ್ನು ತೆಗೆದದ್ದು ಯಾಕೆ? ಇದ್ದಲ್ಲಿಯೇ ಇರಲಿ ಅಂತ ನಿನಗೆ ಅನ್ನಿಸಲಿಲ್ಲವಾ?"

ನಾನು ತಿನ್ನಲಿಲ್ಲ, ನನಗೆ ಬರಲೇ ಇಲ್ಲ ಎಂಬ ಮಾತು ಪೀಟರನ ಬಾಯಿಯವರೆಗೆ ಬಂತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಮಾಂಯ್ ಮೊಣಕಾಲು ಮರೆತು ಎದ್ದು ಓಡಿದಳು. ಇವತ್ತು ಸೆಕೆ ಕೇಳಲಿಲ್ಲ, ಬೆನ್ನುನೋವು ಕೇಳಲಿಲ್ಲ. "ಜಾರ್ಜ್, ನೀನು ಮಿಷನಿನೊಳಗೆ ಇಟ್ಟುಕೊಂಡ ತೆನೆಯ ಕಾಳು ಸಿಕ್ಕಿತು ಪುತಾ, ಪೀಟರನಿಗೆ ಸಿಕ್ಕಿತು!" ಎಂದಳು, ಅಳುತ್ತ ನಗುತ್ತ. ದೂರಕ್ಕೂ ಕೇಳುವ ಹಳೆಯ ಫೋನಾದ್ದರಿಂದ ಆ ಕಡೆಯ ಮೌನವೂ ಪೀಟರನಿಗೆ ಕೇಳಿಸಿತು. ಆಮೇಲೆ ಜಾರ್ಜನ ಧ್ವನಿ, ಮೆತ್ತಗೆ: "ಹೌದು ಮಾಂಯ್. ಇಟ್ಟುಕೊಂಡಿದ್ದೆ." ಅವಳು ಕಣ್ಣೊರೆಸಿಕೊಳ್ಳುತ್ತ ರಿಸೀವರನ್ನು ಪೀಟರನ ಕೈಗೆ ಕೊಟ್ಟು ಹಾಲು ತರಲು ಒಳಗೆ ಹೋದಳು.

"ಎಲ್ಲಿತ್ತು ಮಾರಾಯ ಅದು?" ಎಂದ ಜಾರ್ಜ್, ಧ್ವನಿ ತಗ್ಗಿಸಿ.

"ಫ್ಯಾನಿನಲ್ಲಿ."

"ಛೆ. ಮಾಂಯ್‌ಗೆ ಹಾಗೆಯೇ ಇರಲಿ ಮಾರಾಯ. ಹಬ್ಬದ ದಿನ ಅಲ್ವಾ."

"ನಾನು ಮಸ್ಕತ್ತಿನಲ್ಲಿದ್ದ ವರ್ಷ," ಎಂದ ಪೀಟರ್, "ನನ್ನ ಪಾಲು ನಿನ್ನ ಕವರಿನಲ್ಲಿತ್ತು."

"ಎಂತ ಪಾಲು?" ಎಂದ ಜಾರ್ಜ್. ಅವನು ನಟಿಸುತ್ತಿರಲಿಲ್ಲ. ಅವನಿಗೆ ನಿಜಕ್ಕೂ ನೆನಪಿರಲಿಲ್ಲ. ನಾಲ್ಕು ವರ್ಷ ತಾನು ಹೊತ್ತುಕೊಂಡು ತಿರುಗಿದ್ದನ್ನು ಆ ಮನುಷ್ಯ ಒಮ್ಮೆಯಾದರೂ ಕೈಯಲ್ಲಿ ಹಿಡಿದೇ ಇರಲಿಲ್ಲ. "ಅದಿರಲಿ, ಲ್ಯಾಪ್‌ಟಾಪ್ ಈಗ ಸರಿಯುಂಟಾ? ವಿಂಡೋಸ್ ಹಾಕು ಅಂತ ನಾನು ಆಗಲೇ ಹೇಳಿದ್ದೆ," ಎನ್ನುತ್ತಿರುವಾಗಲೇ ಹಿಂದಿನಿಂದ ಯಾರೋ ಮಕ್ಕಳು ಕರೆದರು, ಲೈನು ಕಟ್ಟಾಯಿತು.

ಮಾಂಯ್ ಹಾಲಿನ ಲೋಟ ಹಿಡಿದು ಬಂದಳು. ಮೇಲೆ ಹೊಸ ಅಕ್ಕಿಯ ಹುಡಿ ತೇಲುತ್ತಿತ್ತು. ಅವನ ಕೈಗೆ ಕೊಡುವುದಕ್ಕೆ ಮೊದಲು ಅವಳು ತಟ್ಟನೆ ನಿಂತು ತಲೆ ವಾಲಿಸಿದಳು. ಕೋಣೆಯಿಂದ ಬರ್ ಎಂಬ ಸದ್ದು ಹಜಾರದವರೆಗೂ ಬರುತ್ತಿತ್ತು, ಆರೋಗ್ಯವಾಗಿ, ಎಡೆಬಿಡದೆ.

"ಅದೆಂತ ಶಬ್ದ?" ಎಂದಳು. "ನಿನ್ನೆಯವರೆಗೆ ಇಷ್ಟು ಶಬ್ದ ಇರಲಿಲ್ಲ. ಬಿಚ್ಚಿ ಹಾಳು ಮಾಡಿದೆಯಾ ಅದನ್ನು?"

ಲೋಟದಿಂದ ಹಬೆ ಏಳುತ್ತಿತ್ತು.

"ಹೌದು ಮಾಂಯ್," ಎಂದು ಕೈ ಚಾಚಿ ತನ್ನ ಪಾಲನ್ನು ತೆಗೆದುಕೊಂಡ.